ಅಮ್ಮನ ಇಪಿ ಸ್ಟಡಿ: ಪರೀಕ್ಷೆಗೆ ಐದಕ್ಕೆ ಐದು, ಅದರ ಸುತ್ತಲಿನ ವ್ಯವಸ್ಥೆಗೆ ಮೂರು

ಮೊದಲೇ ಹೇಳಿಬಿಡುತ್ತೇನೆ, ಇದು ಆಂಜಿಯೋಗ್ರಾಂ ಬಗ್ಗೆ ಬರೆದದ್ದಲ್ಲ. ಸ್ಟೆಂಟ್ ಬಗ್ಗೆಯೂ ಅಲ್ಲ. ಅಮ್ಮನಿಗೆ ಮಾಡಿಸಿದ್ದು ಇಪಿ ಸ್ಟಡಿ. ತೊಡೆಸಂದಿಯ ರಕ್ತನಾಳದಿಂದ ತೆಳ್ಳಗಿನ ವೈರುಗಳನ್ನು ಹೃದಯದೊಳಕ್ಕೆ ಕಳಿಸುತ್ತಾರೆ. ಅಲ್ಲಿ ಕರೆಂಟ್ ಎಲ್ಲಿಂದ ಹೊರಡುತ್ತದೆ, ಎಲ್ಲಿ ದಾರಿ ತಪ್ಪುತ್ತದೆ ಎಂದು ಒಳಗಿನಿಂದಲೇ ಅಳೆದು ನೋಡುತ್ತಾರೆ. ತಪ್ಪಿದ ಜಾಗ ಸಿಕ್ಕಿದರೆ ಅದೇ ದಾರಿಯಲ್ಲಿ ಇನ್ನೊಂದು ವೈರು ಕಳಿಸಿ ಅಲ್ಲೇ ಸುಟ್ಟು ಸರಿಮಾಡುತ್ತಾರೆ, ಅದಕ್ಕೆ ಅಬ್ಲೇಷನ್ ಎನ್ನುತ್ತಾರೆ. ನಾವು ಕಡೂರಿಗೆ ವಾಪಸ್ ಬಂದ ವಾರವೆಲ್ಲ ಮನೆಗೆ ಬಂದವರದ್ದು ಒಂದೇ ಪ್ರಶ್ನೆ, "ಎಷ್ಟು ಸ್ಟೆಂಟ್ ಹಾಕಿದ್ರು?" ಪ್ರತಿಯೊಬ್ಬರಿಗೂ ಮೊದಲಿನಿಂದ ವಿವರಿಸಿದ್ದೇನೆ. ಮಾಡಿಸುವ ಮೊದಲು ನಾವೇ ಇದರ ಬಗ್ಗೆ ಕನ್ನಡದಲ್ಲಿ ಓದಬೇಕೆಂದು ತುಂಬ ಹುಡುಕಿದ್ದೆವು, ರೋಗಿಯ ಮನೆಯವರು ಬರೆದದ್ದು ಒಂದೂ ಕಣ್ಣಿಗೆ ಬೀಳಲಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಆಸ್ಪತ್ರೆಯ ಹೆಸರು ಹಾಕುತ್ತಿಲ್ಲ. ಬೆಂಗಳೂರಿನ ಒಂದು ದೊಡ್ಡ ಖಾಸಗಿ ಆಸ್ಪತ್ರೆ, ಅಷ್ಟೇ. ಇಲ್ಲಿ ನನಗಿರುವ ದೂರುಗಳನ್ನು ಬೇರೆ ಆಸ್ಪತ್ರೆಗಳಿಗೆ ಹೋಗಿ ಬಂದವರ ಬಾಯಲ್ಲೂ ಕೇಳಿದ್ದೇನೆ. ಹೊಗಳುವುದಿದ್ದರೆ ಈ ಪರೀಕ್ಷೆಯನ್ನೇ ಹೊಗಳಬೇಕು.

ಅಮ್ಮನಿಗೆ ಈಗ 54. ಎಂಟು ವರ್ಷದಿಂದ ಎದೆ ಹೊಡೆದುಕೊಳ್ಳುವ ತೊಂದರೆ. ಸುಮ್ನೆ ಟಿವಿ ನೋಡುತ್ತ ಕೂತಿರುವಾಗ, ಇಲ್ಲವೇ ಬಗ್ಗಿ ಕೊಡ ಎತ್ತುವಾಗ, ಇದ್ದಕ್ಕಿದ್ದ ಹಾಗೆ ಶುರುವಾಗುತ್ತಿತ್ತು. ಹತ್ತು ನಿಮಿಷವೋ ಒಂದು ಗಂಟೆಯೋ ಹೊಡೆದುಕೊಂಡು ಅಷ್ಟೇ ಇದ್ದಕ್ಕಿದ್ದ ಹಾಗೆ ನಿಲ್ಲುತ್ತಿತ್ತು. ನಿಧಾನವಾಗಿ ಕಮ್ಮಿ ಆಗುವುದು ಅಂತಿರಲಿಲ್ಲ. ಕತ್ತಿನಲ್ಲಿ ಏನೋ ಪಟಪಟ ಬಡಿಯುತ್ತದೆ ಎನ್ನುತ್ತಿದ್ದರು. ನಿಂತ ಮೇಲೆ ಎರಡು ಮೂರು ಸಲ ಬಾತ್‌ರೂಮಿಗೆ ಹೋಗಬೇಕಾಗುತ್ತಿತ್ತು. ನಾವು ಆಟೋ ಹಿಡಿದು ಡಾಕ್ಟರ ಹತ್ತಿರ ಮುಟ್ಟುವಷ್ಟರಲ್ಲಿ ಎಲ್ಲ ನಿಂತಿರುತ್ತಿತ್ತು. ಇಸಿಜಿ ತೆಗೆದರೆ ನಾರ್ಮಲ್. ಎಕೋ ನಾರ್ಮಲ್. ಥೈರಾಯ್ಡ್ ನಾರ್ಮಲ್. ಒಬ್ಬರು ಗ್ಯಾಸ್ಟ್ರಿಕ್ ಎಂದರು, ಇನ್ನೊಬ್ಬರು ಮುಟ್ಟು ನಿಲ್ಲುವ ವಯಸ್ಸು ಎಂದರು. ಮತ್ತೊಬ್ಬರು "ಟೆನ್ಶನ್ ಮಾಡ್ಕೋಬೇಡಿ ಅಮ್ಮಾ" ಎಂದು ನಿದ್ದೆ ಮಾತ್ರೆ ಬರೆದುಕೊಟ್ಟರು. ಅಮ್ಮ ಅದನ್ನು ಎರಡು ವರ್ಷ ನುಂಗಿದರು. ತನ್ನ ಮನಸ್ಸೇ ಸರಿಯಿಲ್ಲವೇನೋ ಎಂದು ಅವರಿಗೇ ಅನ್ನಿಸತೊಡಗಿತ್ತು. ಇದು ನೆನಪಾದಾಗ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಅಪ್ಪ ಮೆಸ್ಕಾಂನಲ್ಲಿ ಲೈನ್‌ಮನ್ ಆಗಿದ್ದು ರಿಟೈರ್ ಆದವರು. ಕೆಲಸಕ್ಕೆ ಸೇರಿದಾಗ ಅದಿನ್ನೂ ಕೆಇಬಿ. ಅವರು ಮಾತ್ರ ಮೊದಲಿನಿಂದ ಒಂದೇ ಮಾತು ಹೇಳುತ್ತಿದ್ದರು. "ಲೈನ್ ಟ್ರಿಪ್ ಆದಾಗ ಹೋಗಿ ನೋಡ್ಬೇಕು. ಕರೆಂಟ್ ವಾಪಸ್ ಬಂದ್ಮೇಲೆ ಹೋಗಿ ನೋಡಿದ್ರೆ ಫಾಲ್ಟ್ ಎಲ್ಲಿ ಸಿಗುತ್ತೆ?" ಅವರು ಹೇಳಿದ್ದೇ ಸರಿಯಾಗಿತ್ತು.

ಹೋದ ವರ್ಷ ಗೌರಿ ಹಬ್ಬದ ದಿನ ಶುರುವಾದದ್ದು ಮುಕ್ಕಾಲು ಗಂಟೆಯಾದರೂ ನಿಲ್ಲಲಿಲ್ಲ. ಮನೆ ಹತ್ತಿರದ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದೆವು. ಡ್ಯೂಟಿಯಲ್ಲಿದ್ದ ಹುಡುಗ ಡಾಕ್ಟರು ಮಾತಾಡುವುದಕ್ಕೂ ಮೊದಲು ಇಸಿಜಿ ತೆಗೆದರು. ಬಡಿತ ನಿಮಿಷಕ್ಕೆ 186. ಬಾಯಿ ಮುಚ್ಚಿ ಮುಕ್ಕಿರಿ ಎಂದರು, ಆಮೇಲೆ ಮಲಗಿಸಿ ಕಾಲು ಎತ್ತಿ ಹಿಡಿದರು, ಆದರೂ ನಿಲ್ಲಲಿಲ್ಲ. ಕೊನೆಗೆ ಅಡೆನೋಸಿನ್ ಎಂಬ ಇಂಜೆಕ್ಷನ್ ಕೊಟ್ಟರು. ಅದು ರಕ್ತದಲ್ಲಿ ಉಳಿಯುವುದೇ ಕೆಲವು ಸೆಕೆಂಡ್, ಹಾಗಾಗಿ ರಭಸವಾಗಿ ಕೊಟ್ಟು ಹಿಂದೆಯೇ ಸಲೈನ್ ತಳ್ಳಬೇಕು. "ಒಂದು ಐದು ಸೆಕೆಂಡ್ ಜೀವ ಹೋದ ಹಾಗೆ ಅನ್ನಿಸುತ್ತೆ, ಹೆದರ್ಬೇಡಿ" ಎಂದು ಮೊದಲೇ ಹೇಳಿದ್ದರು. ಹಾಗೇ ಆಯಿತಂತೆ. ಮರುಕ್ಷಣ ಬಡಿತ 90ಕ್ಕೆ ಬಂತು. ಆ ಡಾಕ್ಟರು ಮಾಡಿದ ಅತಿ ದೊಡ್ಡ ಉಪಕಾರ ಇದಾದ ಮೇಲಿನದು. ಇಸಿಜಿ ಪೇಪರನ್ನು ನನ್ನ ಕೈಗೆ ಕೊಟ್ಟು, "ಈಗ್ಲೇ ಫೋಟೋ ತೆಗೀರಿ, ಈ ಪೇಪರ್ ಮಾಸಿ ಹೋಗುತ್ತೆ, ಇದನ್ನ ಇಪಿ ಡಾಕ್ಟರಿಗೆ ತೋರಿಸಿ" ಎಂದರು. ಇಪಿ ಡಾಕ್ಟರ್ ಎಂಬ ಮಾತು ನಾನು ಕೇಳಿದ್ದು ಅವತ್ತೇ ಮೊದಲು. ಹೃದಯದ ಡಾಕ್ಟರುಗಳಲ್ಲೇ ಬರೀ ಕರೆಂಟಿನ ಕೆಲಸ ನೋಡುವವರು, ಎಲೆಕ್ಟ್ರೋಫಿಸಿಯಾಲಜಿಸ್ಟ್.

ಬೆಂಗಳೂರಿನ ಓಪಿಡಿಯಲ್ಲಿ ಎರಡೂವರೆ ಗಂಟೆ ಕಾದೆವು. ಒಳಗೆ ಸಿಕ್ಕಿದ್ದು ಇಪ್ಪತ್ತು ನಿಮಿಷ, ಆದರೆ ಆ ಇಪ್ಪತ್ತು ನಿಮಿಷಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಡಾಕ್ಟರು ಫೋಟೋ ನೋಡಿದರು, ಆಮೇಲೆ ಅಮ್ಮನನ್ನು ಎರಡೇ ಪ್ರಶ್ನೆ ಕೇಳಿದರು. "ಕತ್ತಲ್ಲಿ ಬಡಿಯುತ್ತಾ ಅಮ್ಮಾ?" "ನಿಂತ್ಮೇಲೆ ಜಾಸ್ತಿ ಮೂತ್ರಕ್ಕೆ ಹೋಗ್ಬೇಕು ಅನ್ಸುತ್ತಾ?" ಅಮ್ಮ ನನ್ನ ಮುಖ ನೋಡಿದರು. ಎಂಟು ವರ್ಷದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ಹೃದಯದ ಮೇಲಿನ ಕೋಣೆಗಳು, ಕೆಳಗಿನ ಕೋಣೆಗಳು ಒಂದಾದ ಮೇಲೆ ಒಂದು ಹಿಂಡಬೇಕು. ಈ ತೊಂದರೆಯಲ್ಲಿ ಎರಡೂ ಒಟ್ಟಿಗೇ ಹಿಂಡುತ್ತವೆ. ಆಗ ರಕ್ತ ಹಿಮ್ಮುಖವಾಗಿ ಕತ್ತಿನ ನಾಳಕ್ಕೆ ಗುದ್ದುತ್ತದೆ. ಮೇಲಿನ ಕೋಣೆ ಹಿಗ್ಗುವುದರಿಂದ ಮೂತ್ರ ಜಾಸ್ತಿ ಮಾಡಿಸುವ ಒಂದು ಹಾರ್ಮೋನ್ ಬಿಡುಗಡೆಯಾಗುತ್ತದೆ. ಅಮ್ಮ ಹೇಳುತ್ತಿದ್ದ ಒಂದೊಂದು ಮಾತಿಗೂ ಕಾರಣ ಇತ್ತು. ಅದು ಅವರ ಮನಸ್ಸಿನ ಭ್ರಮೆಯಾಗಿರಲಿಲ್ಲ.

ತೊಂದರೆಯ ಹೆಸರು ಎವಿಎನ್‌ಆರ್‌ಟಿ. ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಕರೆಂಟ್ ಇಳಿಯುವ ಜಾಗದಲ್ಲಿ ಎವಿ ನೋಡ್ ಎಂಬ ಒಂದು ಗಂಟಿದೆ. ಕೆಲವರಿಗೆ ಆ ಗಂಟಿಗೆ ಎರಡು ದಾರಿ ಇರುತ್ತವೆ, ಒಂದು ವೇಗದ್ದು, ಒಂದು ನಿಧಾನದ್ದು. ಯಾವಾಗಲೋ ಒಂದು ಬಡಿತ ಸ್ವಲ್ಪ ಬೇಗ ಬಂದುಬಿಟ್ಟರೆ ವೇಗದ ದಾರಿ ಇನ್ನೂ ತಯಾರಾಗಿರುವುದಿಲ್ಲ. ಕರೆಂಟ್ ನಿಧಾನದ ದಾರಿಯಲ್ಲಿ ಇಳಿಯುತ್ತದೆ. ಅಷ್ಟರಲ್ಲಿ ವೇಗದ ದಾರಿ ತಯಾರಾಗಿರುತ್ತದೆ, ಅದರಲ್ಲಿ ವಾಪಸ್ ಮೇಲೆ ಹತ್ತುತ್ತದೆ, ಮತ್ತೆ ಇಳಿಯುತ್ತದೆ, ಮತ್ತೆ ಹತ್ತುತ್ತದೆ. ಹೀಗೆ ಸುತ್ತುವುದು ಶುರುವಾದರೆ ನಿಮಿಷಕ್ಕೆ 180, 200. ಇದ್ದಕ್ಕಿದ್ದ ಹಾಗೆ ಶುರುವಾಗಿ ನಿಲ್ಲುವ ಈ ಬಗೆಯ ಬಡಿತಗಳಲ್ಲಿ ಇದೇ ಅತಿ ಸಾಮಾನ್ಯ, ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. ಮಾತ್ರೆಯಲ್ಲೂ ತಡೆಯಬಹುದು ಎಂದರು. ಪದೇ ಪದೇ ಬರುತ್ತಿದ್ದರೆ ಅಬ್ಲೇಷನ್ನೇ ಮೊದಲ ಆಯ್ಕೆ, 2019ರ ಯುರೋಪಿನ ಮಾರ್ಗಸೂಚಿಯೂ ಹಾಗೇ ಹೇಳುತ್ತದೆ ಎಂದೂ ಹೇಳಿದರು. ನೂರಕ್ಕೆ ತೊಂಬತ್ತೈದಕ್ಕಿಂತ ಜಾಸ್ತಿ ಜನಕ್ಕೆ ಒಂದೇ ಸಲಕ್ಕೆ ವಾಸಿ. ಅಪಾಯವನ್ನೂ ಮುಚ್ಚಿಡಲಿಲ್ಲ. ಸುಡುವ ಜಾಗ ಕೆಳಗಿನ ಕೋಣೆಗೆ ಕರೆಂಟ್ ಒಯ್ಯುವ ಮುಖ್ಯ ಲೈನಿನ ಪಕ್ಕದಲ್ಲೇ ಇದೆ. ನೂರಕ್ಕೆ ಒಬ್ಬರಿಗಿಂತ ಕಮ್ಮಿ ಜನಕ್ಕೆ ಆ ಲೈನಿಗೇ ಪೆಟ್ಟು ಬಿದ್ದು ಪೇಸ್‌ಮೇಕರ್ ಬೇಕಾಗಬಹುದು. ಅಪ್ಪ ಆ ಮಾತಿಗೆ ಮಾತ್ರ ಕುರ್ಚಿ ಮುಂದಕ್ಕೆ ಎಳೆದುಕೊಂಡು ಕೂತರು.

ಇಲ್ಲಿಂದ ಕೆಳಗೆ, ಬಿಲ್ಲಿಂಗ್ ಕೌಂಟರಿನಲ್ಲಿ ಕಥೆ ಬೇರೆ.

ಕೌಂಟರಿನಲ್ಲಿ ಕೊಟ್ಟ ಅಂದಾಜು ಪಟ್ಟಿಯಲ್ಲಿ "3ಡಿ ಮ್ಯಾಪಿಂಗ್ ಸಹಿತ" ಎಂದು 3 ಲಕ್ಷ 10 ಸಾವಿರ ಇತ್ತು. 3ಡಿ ಮ್ಯಾಪಿಂಗ್ ಎಂದರೆ ಹೃದಯದ ಒಳಗೋಡೆಯ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಬರೆಯುವುದು. ಡಾಕ್ಟರು ಓಪಿಡಿಯಲ್ಲಿ 3ಡಿ ಎಂಬ ಮಾತೇ ಎತ್ತಿರಲಿಲ್ಲ. ಇದು ಬೇಕೇ ಬೇಕಾ ಎಂದು ಕೇಳಿದರೆ ಕೌಂಟರಿನ ಹುಡುಗಿ, "ಅದೇ ಲೇಟೆಸ್ಟ್ ಮೇಡಂ, ಎಲ್ರೂ ಅದನ್ನೇ ಮಾಡಿಸ್ತಾರೆ" ಎಂದಳು. ಅವಳ ತಪ್ಪಲ್ಲ, ಅವಳಿಗೆ ಹೇಳಿಕೊಟ್ಟದ್ದು ಅಷ್ಟೇ. ನಾನು ವಾಪಸ್ ಮೇಲೆ ಹೋಗಿ ಡಾಕ್ಟರಿಗೆ ಮತ್ತೆ ಒಂದೂವರೆ ಗಂಟೆ ಕಾದು ಕೇಳಿದೆ. ಅವರು ನೇರವಾಗಿ ಉತ್ತರ ಕೊಟ್ಟರು. ಅಮ್ಮನ ತೊಂದರೆಗೆ ಸಾಮಾನ್ಯ ಇಪಿ ಸ್ಟಡಿ ಸಾಕು. 3ಡಿ ಬಳಸಿದರೆ ಎಕ್ಸ್‌ರೇ ಕಮ್ಮಿ ಬೇಕಾಗುತ್ತದೆ, ಅದು ನಿಜವಾದ ಲಾಭ. ಮಕ್ಕಳಿಗೆ, ಬಸುರಿಯರಿಗೆ ಮಾಡುವಾಗ ಅದನ್ನೇ ಆರಿಸಿಕೊಳ್ಳುತ್ತೇನೆ. ನಿಮಗೆ ಸಾಮಾನ್ಯ ವಿಧಾನದಲ್ಲೇ ಶುರುಮಾಡೋಣ, ಒಳಗೆ ಹೋದ ಮೇಲೆ ಬೇರೇನಾದರೂ ಕಂಡರೆ ನಿಮ್ಮನ್ನು ಕೇಳಿ 3ಡಿ ತೆಗೆದುಕೊಳ್ಳೋಣ ಎಂದರು. ಪಟ್ಟಿ 1 ಲಕ್ಷ 65 ಸಾವಿರಕ್ಕೆ ಇಳಿಯಿತು. ಒಂದು ಪ್ರಶ್ನೆ ಕೇಳಿದ್ದಕ್ಕೆ ಸುಮಾರು ಒಂದೂವರೆ ಲಕ್ಷದ ವ್ಯತ್ಯಾಸ! ಕೇಳುವುದು ಗೊತ್ತಿಲ್ಲದೆ ಜಮೀನಿನ ಮೇಲೆ ಸಾಲ ಎತ್ತುವವರು ಎಷ್ಟು ಜನ ಇರಬಹುದು?

ಇನ್ನೊಂದು ದೊಡ್ಡ ದೂರು ಮಾತ್ರೆಯದು. ಈ ಪರೀಕ್ಷೆಗೆ ಮುಂಚೆ ಬಡಿತ ತಡೆಯುವ ಮಾತ್ರೆಗಳನ್ನು ಕೆಲವು ದಿನ ನಿಲ್ಲಿಸಿರಬೇಕು. ಮಾತ್ರೆ ಒಳಗಿದ್ದರೆ ಒಳಗೆ ಹೋಗಿ ಎಷ್ಟು ಕೆಣಕಿದರೂ ಬಡಿತ ಏಳುವುದೇ ಇಲ್ಲ, ಬಡಿತ ಏಳದೆ ದಾರಿ ಗೊತ್ತಾಗುವುದಿಲ್ಲ. ಇದನ್ನು ದಿನ ಗೊತ್ತು ಮಾಡಿದ ಡೆಸ್ಕಿನವರು ಹೇಳಲೇ ಇಲ್ಲ. ಅಮ್ಮ ಹಿಂದಿನ ದಿನ ರಾತ್ರಿಯವರೆಗೂ ಮೆಟೊಪ್ರೊಲಾಲ್ ನುಂಗಿದ್ದರು. ಅಡ್ಮಿಟ್ ಆದ ಮೇಲೆ ನರ್ಸ್ ಕೇಳಿದಾಗ ಗೊತ್ತಾಗಿ, ಒಂದು ವಾರ ಮುಂದಕ್ಕೆ ಹಾಕಿ ಮನೆಗೆ ಕಳಿಸಿದರು. ಕಡೂರಿಂದ ಬಂದು ಹೋದ ರೈಲು, ನನ್ನ ರಜೆ, ಅಮ್ಮನ ಧೈರ್ಯ, ಎಲ್ಲ ಖರ್ಚಾಯಿತು. ಯಾವ ಮಾತ್ರೆ, ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಎಂದು ದಿನ ಗೊತ್ತು ಮಾಡುವಾಗಲೇ ಡಾಕ್ಟರನ್ನು ಕೇಳಿ ಬರೆಸಿಕೊಳ್ಳಿ. ನೀವೇ ನಿಲ್ಲಿಸಲು ಹೋಗಬೇಡಿ, ಕೆಲವರಿಗೆ ಅದು ಅಪಾಯ.

ಎರಡನೇ ಸಲ ಹೋದಾಗ ಬೆಳಿಗ್ಗೆ 8ಕ್ಕೆ ಎಂದಿದ್ದರು. ಹಿಂದಿನ ರಾತ್ರಿಯಿಂದ ಉಪವಾಸ. ಕರೆದುಕೊಂಡು ಹೋದದ್ದು ಮಧ್ಯಾಹ್ನ 2:30ಕ್ಕೆ. ನಡುವೆ ಎರಡು ಎಮರ್ಜೆನ್ಸಿ ಬಂದವಂತೆ, ಅದು ಅರ್ಥವಾಗುತ್ತದೆ. ಒಬ್ಬರು ಬಂದು ಹೇಳಬಹುದಿತ್ತಲ್ಲ? ಒಂದು ಬಾಟಲ್ ಡ್ರಿಪ್ ಹಾಕಿಸಲೂ ನಾನೇ ಮೂರು ಸಲ ಓಡಾಡಿದೆ.

ಒಳಗೆ ಏನಾಯಿತು ಎಂಬುದು ಅರ್ಧ ಅಮ್ಮ ಹೇಳಿದ್ದು, ಅರ್ಧ ನಾವು ಕಣ್ಣಾರೆ ಕಂಡದ್ದು. ಅಮ್ಮನಿಗೆ ಪೂರ್ತಿ ಎಚ್ಚರ ಇತ್ತು. ಜಾಸ್ತಿ ಮಂಪರು ಬರಿಸಿದರೂ ಬಡಿತ ಏಳದೆ ಇರಬಹುದು, ಅದಕ್ಕೇ ಬರೀ ಬಲ ತೊಡೆಸಂದಿಗೆ ಮರಗಟ್ಟುವ ಇಂಜೆಕ್ಷನ್. ಇದನ್ನು ಮಾಡುವ ಕೋಣೆ, ಕ್ಯಾಥ್ ಲ್ಯಾಬ್, ಫ್ರಿಜ್ಜಿನಷ್ಟು ತಣ್ಣಗಿತ್ತಂತೆ. ಇಂಜೆಕ್ಷನ್ ಚುಚ್ಚಿದಾಗ ಉರಿಯಿತು, ಆಮೇಲೆ ಯಾರೋ ಒತ್ತಿದ ಹಾಗೆ ಅಷ್ಟೇ, ವೈರು ಹೋಗುವುದು ಗೊತ್ತಾಗಲೇ ಇಲ್ಲ ಎನ್ನುತ್ತಾರೆ. ರಕ್ತನಾಳದ ಒಳಗೆ ನೋವು ತಿಳಿಯುವುದಿಲ್ಲ. ಕ್ಯಾಥೆಟರ್ ಎನ್ನುವ ಆ ವೈರುಗಳ ದಪ್ಪ ಸುಮಾರು ಎರಡು ಮಿಲಿಮೀಟರ್. ತುದಿಯಲ್ಲಿ ಉಂಗುರದ ಹಾಗೆ ಪ್ಲಾಟಿನಂ ಪಟ್ಟಿಗಳಿರುತ್ತವೆ. ಎರಡು ಪಟ್ಟಿಗಳ ನಡುವೆ ಕರೆಂಟ್ ಹಾದುಹೋದ ಕ್ಷಣವನ್ನು ಅದು ಹಿಡಿದುಕೊಡುತ್ತದೆ. ಒಂದು ವೈರು ಬಲ ಮೇಲಿನ ಕೋಣೆಯಲ್ಲಿ, ಒಂದು ಕೆಳಗಿನ ಕೋಣೆಯಲ್ಲಿ, ಒಂದು ಮುಖ್ಯ ಲೈನಿನ ಮೇಲೆ, ಹತ್ತು ಪಟ್ಟಿ ಇರುವ ಇನ್ನೊಂದು ಹೃದಯದ ಹಿಂಬದಿಯ ರಕ್ತನಾಳದಲ್ಲಿ.

ಕೆಲಸ ಮುಗಿದ ಮೇಲೆ ಮತ್ತೆ ಬಡಿತ ಏಳುತ್ತದಾ ಎಂದು ನೋಡಲು ಅರ್ಧ ಗಂಟೆ ಕಾಯುತ್ತಾರೆ. ಆ ಹೊತ್ತಿನಲ್ಲಿ ಡಾಕ್ಟರು ಅಪ್ಪನನ್ನೂ ನನ್ನನ್ನೂ ಗಾಜಿನ ಈಚೆಯ ಕಂಪ್ಯೂಟರ್ ಕೋಣೆಗೆ ಕರೆದರು. ಗಾಜಿನ ಆಚೆ ಅಮ್ಮ ಹಸಿರು ಬಟ್ಟೆ ಹೊದ್ದು ಮಲಗಿದ್ದರು, ಕೈ ಎತ್ತಿ ತೋರಿಸಿದರು. ಈಚೆ ಪರದೆ ಮೇಲೆ ಬಣ್ಣಬಣ್ಣದ ಗೆರೆಗಳು, ಒಂದರ ಕೆಳಗೊಂದು, ಹತ್ತು ಹನ್ನೆರಡು. ಮಾಮೂಲಿ ಇಸಿಜಿ ಪೇಪರ್ ಸೆಕೆಂಡಿಗೆ 25 ಮಿಲಿಮೀಟರ್ ಓಡುತ್ತದೆ, ಇಲ್ಲಿ 100. ಹಾಗಾಗಿ ಪೇಪರಿನಲ್ಲಿ ಒಂದು ಚುಕ್ಕೆಯಷ್ಟು ಕಾಣುವುದು ಇಲ್ಲಿ ಬಿಡಿಸಿಟ್ಟ ಹಾಗೆ ಕಾಣುತ್ತದೆ. ಟೆಕ್ನಿಷಿಯನ್ ರೆಕಾರ್ಡಿಂಗನ್ನು ಹಿಂದಕ್ಕೆ ಓಡಿಸಿ ತೋರಿಸಿದರು. ಮೇಲಿನ ಕೋಣೆಯ ಗುರುತು, ಕೆಳಗಿನ ಕೋಣೆಯ ಗುರುತು, ಎರಡರ ಮಧ್ಯೆ ಸೂಜಿಮೊನೆಯಂಥ ಒಂದು ಸಣ್ಣ ಗೆರೆ. ಅದು ಹಿಸ್ ಬಂಡಲ್, ಮುಖ್ಯ ಲೈನು. ಅಲ್ಲಿಂದ ಕೆಳಗಿನ ಕೋಣೆಗೆ ಕರೆಂಟ್ ಮುಟ್ಟಲು ಸಾಮಾನ್ಯವಾಗಿ 35ರಿಂದ 55 ಮಿಲಿಸೆಕೆಂಡ್ ಸಾಕು, ಅಮ್ಮನದು 44. "ನಿಮ್ಮ ಮೇನ್ ಲೈನ್ ಚೆನ್ನಾಗಿದೆ" ಎಂದರು ಡಾಕ್ಟರು.

ಆಮೇಲೆ ಕೆಣಕಿದ ಭಾಗ ತೋರಿಸಿದರು. ಹೊರಗಿನಿಂದ ಒಂದೇ ಸಮ ಎಂಟು ಬಡಿತ ಕೊಡುತ್ತಾರೆ, ಒಂಬತ್ತನೆಯದನ್ನು ಸ್ವಲ್ಪ ಬೇಗ ಕೊಡುತ್ತಾರೆ. ಮತ್ತೆ ಎಂಟು, ಒಂಬತ್ತನೆಯದು ಇನ್ನೂ 10 ಮಿಲಿಸೆಕೆಂಡ್ ಬೇಗ. ಹೀಗೇ ಇಳಿಸುತ್ತ ಹೋಗುತ್ತಾರೆ. ಒಂದು ಹಂತದಲ್ಲಿ, ಬೇಗ ಮಾಡಿದ್ದು ಬರೀ 10 ಮಿಲಿಸೆಕೆಂಡ್, ಆದರೆ ಕರೆಂಟ್ ಕೆಳಗೆ ತಲುಪಲು ತೆಗೆದುಕೊಂಡ ಸಮಯ ಒಮ್ಮೆಲೇ 50 ಮಿಲಿಸೆಕೆಂಡಿಗಿಂತ ಜಾಸ್ತಿ ಬೆಳೆಯಿತು. ವೇಗದ ದಾರಿ ಮುಚ್ಚಿ ನಿಧಾನದ ದಾರಿ ಹಿಡಿದ ಗುರುತು ಅದು. "ಇದಕ್ಕೆ ಜಂಪ್ ಅಂತೀವಿ" ಎಂದರು ಡಾಕ್ಟರು. ಅಪ್ಪ ಪರದೆಯ ಹತ್ತಿರ ಬಗ್ಗಿದರು. "ನಮ್ಮಲ್ಲೂ ಜಂಪ್ ಅಂತೀವಿ ಸಾರ್, ಕಂಬದ ಮೇಲೆ ಎರಡು ಲೈನ್ ಸೇರ್ಸೋ ತುಂಡು ತಂತಿಗೆ. ಫೀಡರ್ ಟ್ರಿಪ್ ಆದ್ರೆ ಅದನ್ನ ಬಿಚ್ಚಿ ಅರ್ಧರ್ಧ ಲೈನ್ ಚಾರ್ಜ್ ಮಾಡಿ ನೋಡೋದು. ಯಾವ ಅರ್ಧ ನಿಲ್ಲಲ್ವೋ ಅದ್ರಲ್ಲಿ ಫಾಲ್ಟ್." ಡಾಕ್ಟರು ನಕ್ಕು, "ನಾವೂ ಅದನ್ನೇ ಮಾಡಿದ್ದು ಯಜಮಾನ್ರೇ, ಬೇಕಂತ್ಲೇ ಟ್ರಿಪ್ ಮಾಡ್ಸಿದ್ವಿ" ಎಂದರು. ಆ ಜಂಪ್ ಆದ ಮರುಬಡಿತಕ್ಕೇ ಗೆರೆಗಳೆಲ್ಲ ಒತ್ತೊತ್ತಾಗಿ ಓಡತೊಡಗಿದ್ದವು. ಎಂಟು ವರ್ಷ ಯಾರಿಗೂ ಸಿಗದೆ ತಪ್ಪಿಸಿಕೊಂಡದ್ದು ಅಲ್ಲಿ, ಆ ಪರದೆಯ ಮೇಲೆ, ನಿಮಿಷಕ್ಕೆ 182ರ ವೇಗದಲ್ಲಿ ಇತ್ತು. ನನಗೆ ಕಣ್ಣು ತುಂಬಿ ಬಂತು. ಅಪ್ಪ ಮಾತಾಡಲಿಲ್ಲ, ನನ್ನ ಭುಜದ ಮೇಲೆ ಕೈ ಇಟ್ಟು ನಿಂತಿದ್ದರು.

ಸುಡುವುದು ಎಂದರೆ ಬೆಂಕಿ ಏನಲ್ಲ. ವೈರಿನ ತುದಿಯಿಂದ ಸುಮಾರು 500 ಕಿಲೋಹರ್ಟ್ಸ್ ಕರೆಂಟ್ ಹರಿಸುತ್ತಾರೆ, ಮುಟ್ಟಿದ ಜಾಗ 50 ಡಿಗ್ರಿಗಿಂತ ಮೇಲೆ ಬಿಸಿಯಾಗಿ ಕೆಲವೇ ಮಿಲಿಮೀಟರ್ ಜಾಗ ಕೆಲಸ ನಿಲ್ಲಿಸುತ್ತದೆ. ಹಾಗೆ ಬಿಸಿ ಮಾಡುವಾಗ ಮಧ್ಯೆ ಮಧ್ಯೆ ಒಂದು ಬಗೆಯ ನಿಧಾನದ ಬಡಿತ ಏಳುತ್ತದೆ, ಸರಿಯಾದ ಜಾಗದಲ್ಲಿದ್ದೇವೆ ಎನ್ನಲು ಅದೇ ಗುರುತಂತೆ. ಅಮ್ಮನಿಗೆ ಎದೆಯಲ್ಲಿ ಸ್ವಲ್ಪ ಬಿಸಿ ಅನ್ನಿಸಿತು, ಒಂದೆರಡು ನಿಮಿಷ. ಆಮೇಲೆ ಹೃದಯ ಓಡಿಸುವ ಔಷಧಿ ಡ್ರಿಪ್ಪಿನಲ್ಲಿ ಕೊಟ್ಟು ಮತ್ತೆ ಮತ್ತೆ ಕೆಣಕಿದರು. ಏಳಲಿಲ್ಲ. ಒಳಗೆ ಹೋಗಿ ಹೊರಗೆ ಬರುವವರೆಗೆ ಎಲ್ಲ ಸೇರಿ ಎರಡು ಗಂಟೆ.

ಆ ರಾತ್ರಿ ವಾರ್ಡಿನಲ್ಲಿ ನಿದ್ದೆ ಬರದೆ ಫೋನಿನಲ್ಲಿ ಓದುತ್ತ ಕೂತಿದ್ದೆ. 1929ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡ್ ಎಂಬ ಊರಿನ ಆಸ್ಪತ್ರೆಯಲ್ಲಿ ವೆರ್ನರ್ ಫೋರ್ಸ್‌ಮನ್ ಎಂಬ ಎಳೆಯ ಡಾಕ್ಟರು ತನ್ನ ಎಡತೋಳಿನ ರಕ್ತನಾಳದಿಂದ ತನ್ನದೇ ಹೃದಯಕ್ಕೆ ಕ್ಯಾಥೆಟರ್ ತೂರಿಸಿಕೊಂಡು, ಹಾಗೇ ನಡೆದುಹೋಗಿ ಎಕ್ಸ್‌ರೇ ತೆಗೆಸಿಕೊಂಡರಂತೆ. 1956ರಲ್ಲಿ ಅವರಿಗೆ ನೊಬೆಲ್ ಸಿಕ್ಕಿತು. ನಾವು ಪರದೆಯಲ್ಲಿ ಕಂಡ ಆ ಸೂಜಿಮೊನೆ ಗೆರೆಯನ್ನು ಮನುಷ್ಯರಲ್ಲಿ ಕ್ಯಾಥೆಟರ್‌ನಿಂದ ಹಿಡಿಯುವ ವಿಧಾನ ಪ್ರಕಟವಾದದ್ದು 1969ರಲ್ಲಿ, ಅಮೆರಿಕದ ಬೆಂಜಮಿನ್ ಶೆರ್ಲಾಗ್ ಮತ್ತು ಜೊತೆಗಾರರಿಂದ. ನಮ್ಮ ಅಜ್ಜಿಗೂ ಹೀಗೇ ಎದೆ ಹೊಡೆದುಕೊಳ್ಳುತ್ತಿತ್ತು ಎಂದು ಅಮ್ಮ ಹೇಳುತ್ತಿರುತ್ತಾರೆ. ಅವರ ಕಾಲಕ್ಕೆ ಬೀರೂರಿನಲ್ಲೋ ಕಡೂರಿನಲ್ಲೋ ಇದನ್ನು ಯಾರು ಕಂಡುಹಿಡಿಯಬೇಕಿತ್ತು.

3ಡಿ ಮ್ಯಾಪಿಂಗ್ ಯಾರಿಗೆ ಬೇಕು ಎಂದು ನನಗೆ ಅರ್ಥವಾದದ್ದು ಪಕ್ಕದ ಹಾಸಿಗೆಯವರಿಂದ. ಅರವತ್ತು ದಾಟಿದವರು, ಹಿಂದೊಮ್ಮೆ ಹಾರ್ಟ್ ಅಟ್ಯಾಕ್ ಆಗಿ ಹೃದಯದಲ್ಲಿ ಕಲೆ ಉಳಿದಿತ್ತು. ಆ ಕಲೆಯ ಸುತ್ತ ಕರೆಂಟ್ ಸುತ್ತಿ ಸುತ್ತಿ ಪ್ರಾಣಕ್ಕೇ ಅಪಾಯದ ಬಡಿತ ಬರುತ್ತಿತ್ತು, ಎದೆಯಲ್ಲಿ ಇಟ್ಟಿದ್ದ ಯಂತ್ರ ಪದೇ ಪದೇ ಶಾಕ್ ಹೊಡೆದಿತ್ತು. ಅಮ್ಮನ ದಾರಿ ಇರುವ ಜಾಗ ಎಲ್ಲರಲ್ಲೂ ಹೆಚ್ಚು ಕಮ್ಮಿ ಒಂದೇ, ಅಲ್ಲಿಗೆ ಹೋದರೆ ಸಿಗುತ್ತದೆ. ಇವರದು ಹಾಗಲ್ಲ. ಕಲೆ ಒಬ್ಬೊಬ್ಬರಲ್ಲಿ ಒಂದೊಂದು ಆಕಾರ. ಹೃದಯದ ಒಳಗೋಡೆಯನ್ನು ಇಂಚಿಂಚಾಗಿ ತಡವಿ ನಕ್ಷೆ ಬರೆಯಲೇಬೇಕು. ಅವರ ಮಗ ಫೋನಿನಲ್ಲಿ ಆ ನಕ್ಷೆಯ ಫೋಟೋ ತೋರಿಸಿದ. ಹೃದಯದ ಕೋಣೆಯ ಆಕಾರಕ್ಕೆ ನೇರಳೆ, ನೀಲಿ, ಹಸಿರು, ಹಳದಿ, ಕೆಂಪು. ನೇರಳೆ ಎಂದರೆ ಆರೋಗ್ಯದ ಗೋಡೆ, ಅಲ್ಲಿ ಒಂದೂವರೆ ಮಿಲಿವೋಲ್ಟಿಗಿಂತ ಜಾಸ್ತಿ ಸಿಗುತ್ತದೆ. ಕೆಂಪು ಎಂದರೆ ಅರ್ಧ ಮಿಲಿವೋಲ್ಟಿಗಿಂತ ಕಮ್ಮಿ, ಸತ್ತ ಕಲೆ. ಅವೆರಡರ ನಡುವಿನ ಅಂಚಿನಲ್ಲಿ ಕರೆಂಟ್ ನುಸುಳುವ ಸಂದಿ. ಸಮಯದ ನಕ್ಷೆ ಎಂದು ಇನ್ನೊಂದು ಬಗೆ ಇದೆಯಂತೆ, ಅದರಲ್ಲಿ ಕೆಂಪು ಎಂದರೆ ಕರೆಂಟ್ ಮೊದಲು ಮುಟ್ಟಿದ ಜಾಗ, ನೇರಳೆ ಕೊನೆಯದು. ಫೋಟೋ ನೋಡುವಾಗ ಯಾವ ನಕ್ಷೆ ಎಂದು ಕೇಳಿಕೊಳ್ಳದಿದ್ದರೆ ಎಲ್ಲ ತಲೆಕೆಳಗಾಗುತ್ತದೆ.

ನಕ್ಷೆ ಬರೆಯುವ ಬಗೆಯೂ ಚೆಂದ. ಕಾರ್ಟೋ ಎಂಬ ಯಂತ್ರದಲ್ಲಿ ಹಾಸಿಗೆಯ ಕೆಳಗೆ ಸಣ್ಣ ಅಯಸ್ಕಾಂತದ ಕ್ಷೇತ್ರ ಹುಟ್ಟಿಸುವ ಸುರುಳಿಗಳಿರುತ್ತವೆ, ಕ್ಯಾಥೆಟರ್ ತುದಿಯ ಸೆನ್ಸರ್ ತಾನೆಲ್ಲಿದ್ದೇನೆ ಎಂದು ಒಂದು ಮಿಲಿಮೀಟರ್ ಆಚೀಚೆಗೆ ಹೇಳುತ್ತದೆ. ಇಸ್ರೇಲಿನ ಶ್ಲೋಮೋ ಬೆನ್-ಹೈಮ್ ಮತ್ತು ಜೊತೆಗಾರರು 1997ರಲ್ಲಿ ಇದರ ಲೇಖನ ಪ್ರಕಟಿಸಿದ್ದರು. ಎನ್‌ಸೈಟ್ ಎಂಬ ಇನ್ನೊಂದರಲ್ಲಿ ಮೈಗೆ ಪಟ್ಟಿ ಅಂಟಿಸಿ ಗೊತ್ತೇ ಆಗದಷ್ಟು ಸಣ್ಣ ಕರೆಂಟ್ ಹರಿಸಿ ಜಾಗ ಕಂಡುಹಿಡಿಯುತ್ತಾರೆ. ಪಕ್ಕದ ಹಾಸಿಗೆಯವರಿಗೆ ಆರು ಗಂಟೆ ಹಿಡಿಯಿತು. ಅವರ 3ಡಿ ಬಿಲ್ಲಿನ ಒಂದೊಂದು ರೂಪಾಯಿಗೂ ಅರ್ಥ ಇತ್ತು. ಅದಕ್ಕೇ ಹೇಳುವುದು, 3ಡಿ ಒಳ್ಳೆಯದಾ ಕೆಟ್ಟದ್ದಾ ಎಂದು ಕೇಳಬೇಡಿ, ನನ್ನ ತೊಂದರೆಗೆ ಅದರಿಂದ ಏನು ಲಾಭ ಎಂದು ಡಾಕ್ಟರನ್ನೇ ಕೇಳಿ.

ನರ್ಸುಗಳಿಗೆ ಪೂರ್ತಿ ಅಂಕ. ವೈರು ತೆಗೆದ ಜಾಗವನ್ನು ಹದಿನೈದು ನಿಮಿಷ ಕೈಯಲ್ಲಿ ಒತ್ತಿ ಹಿಡಿದರು, ಆಮೇಲೆ ಮರಳಿನ ಚೀಲ ಇಟ್ಟರು. ಆರು ಗಂಟೆ ಕಾಲು ಮಡಚುವಂತಿಲ್ಲ. ಅಮ್ಮನಿಗೆ ಇಡೀ ಪರೀಕ್ಷೆಗಿಂತ ಇದೇ ಕಷ್ಟವಾಯಿತು. ಮಲಗಿದಲ್ಲೇ ಬೆಡ್‌ಪ್ಯಾನ್ ಎಂದರೆ ಅವರಿಗೆ ಪ್ರಾಣ ಹೋದಷ್ಟು ನಾಚಿಕೆ. ರಾತ್ರಿ ಪಾಳಿಯ ಸಿಸ್ಟರ್ ಪರದೆ ಎಳೆದು, ನನ್ನನ್ನೂ ಆಚೆ ಕಳಿಸಿ, ತನ್ನ ಅಮ್ಮನಿಗೆ ಮಾಡಿದ ಹಾಗೆ ಮಾಡಿದಳು. ಒಂದು ವಾರ ತೊಡೆಯ ಹತ್ತಿರ ನೀಲಿಗಟ್ಟಿತ್ತು, ಅದು ಮಾಮೂಲಿ ಎಂದು ಮೊದಲೇ ಹೇಳಿದ್ದರಿಂದ ನಾವು ಗಾಬರಿಯಾಗಲಿಲ್ಲ.

ಊಟಕ್ಕೆ ಎರಡು ಅಂಕ. ಚಪಾತಿ ತಣ್ಣಗೆ, ಸಾರು ಇನ್ನೂ ತಣ್ಣಗೆ.

ಇನ್ಶೂರೆನ್ಸ್ ಮೊದಲು ಒಪ್ಪಲಿಲ್ಲ, ಇಸಿಜಿ ನಾರ್ಮಲ್ ಇರುವಾಗ ಅಬ್ಲೇಷನ್ ಯಾಕೆ ಎಂದು ಕೇಳಿದರು. ಗೌರಿ ಹಬ್ಬದ ದಿನದ ಆ ಫೋಟೋ ಕಳಿಸಿದ ಮೇಲೆ ಸುಮ್ಮನಾದರು. ಬಿಲ್ಲಿನಲ್ಲಿ ಕ್ಯಾಥೆಟರ್‌ಗಳು ಹೊಸವೇ, ಅಥವಾ ಸ್ಟೆರಿಲೈಸ್ ಮಾಡಿ ಮತ್ತೆ ಬಳಸಿದವೇ ಎಂದು ಕೇಳಿದೆ, ನಮ್ಮ ದೇಶದಲ್ಲಿ ಎರಡೂ ಬಳಕೆಯಲ್ಲಿವೆ. ಕೇಳಿದ್ದಕ್ಕೆ ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ, ಸ್ಟಿಕ್ಕರ್ ಅಂಟಿಸಿದ ಹಾಳೆ ತೋರಿಸಿದರು. ಖಾಸಗಿ ಆಸ್ಪತ್ರೆಯ ದುಡ್ಡು ಹೊಂದಿಸಲು ಆಗದವರು ಬೆಂಗಳೂರಿನ ಸರ್ಕಾರಿ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ವಿಚಾರಿಸಿ, ಅಲ್ಲಿ ಈ ವಿಭಾಗ ಇದೆ. ನಿಮ್ಮ ಹತ್ತಿರ ಇರುವ ಕಾರ್ಡಿಗೆ ಇಪಿ ಸ್ಟಡಿ ಮತ್ತು ಅಬ್ಲೇಷನ್ ಎರಡೂ ಸೇರುತ್ತವೆಯೇ ಎಂದು ಬೇರೆ ಬೇರೆಯಾಗಿ ಕೇಳಿ.

ಡಿಸ್ಚಾರ್ಜ್ ದಿನ ಅಪ್ಪ ಆ ಗೆರೆಗಳ ಪ್ರಿಂಟ್ ಕೇಳಿದರು. ಕೇಳದಿದ್ದರೆ ಕೊಡುತ್ತಿರಲಿಲ್ಲ. ಎರಡು ಹಾಳೆ ಕೊಟ್ಟರು, ಒಂದು ಬಡಿತ ಎದ್ದದ್ದು, ಇನ್ನೊಂದು ಸರಿಯಾದ ಮೇಲಿನದು. ಅಪ್ಪ ಎರಡನ್ನೂ ಲ್ಯಾಮಿನೇಟ್ ಮಾಡಿಸಿದ್ದಾರೆ. ಈಗ ಮನೆಗೆ ಬಂದು "ಎಷ್ಟು ಸ್ಟೆಂಟ್?" ಎಂದು ಕೇಳಿದವರಿಗೆ ಅಪ್ಪನೇ ಆ ಹಾಳೆ ಹಿಡಿದು ಜಂಪ್ ಎಲ್ಲಿ ಆಯಿತು ಎಂದು ಬೆರಳಿಟ್ಟು ತೋರಿಸುತ್ತಾರೆ.

ಮೊದಲ ಮೂರು ನಾಲ್ಕು ವಾರ ಅಮ್ಮನಿಗೆ ಆಗಾಗ ಒಂದು ಬಡಿತ ತಪ್ಪಿದ ಹಾಗೆ ಅನ್ನಿಸುತ್ತಿತ್ತು, ಈಗ ಶುರುವಾಗುತ್ತದೇನೋ ಎಂದು ಗೋಡೆ ಹಿಡಿದು ನಿಲ್ಲುತ್ತಿದ್ದರು. ಶುರುವಾಗಲಿಲ್ಲ. ಮೂರು ತಿಂಗಳಿಗೆ ತೋರಿಸಲು ಹೋದಾಗ ಮೆಟೊಪ್ರೊಲಾಲ್ ಪೂರ್ತಿ ನಿಲ್ಲಿಸಿದರು. ಹಳೇ ನಿದ್ದೆ ಮಾತ್ರೆಯನ್ನೂ ನಿಧಾನವಾಗಿ ಇಳಿಸುತ್ತ ಬಂದು ಬಿಡಿಸಿದ್ದಾರೆ. ಮುಂದಿನ ಭೇಟಿ ಒಂದು ವರ್ಷಕ್ಕೆ, ಅದೂ ಏನಾದರೂ ಅನ್ನಿಸಿದರೆ ಮಾತ್ರ ಬನ್ನಿ ಎಂದಿದ್ದಾರೆ.